ಪಾಲಿಯೆಸ್ಟರ್ ಮುದ್ರಣಕ್ಕೆ ಹೊಸ ಹೆಟೆರೋಸೈಕ್ಲಿಕ್ ಬಣ್ಣ: ಯಾವ ಉಂಗುರವನ್ನು ಆರಿಸಿಕೊಳ್ಳಬೇಕು?

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದ ಎಂ.ಎಸ್ಸಿ. ರಸಾಯನಶಾಸ್ತ್ರಕ್ಕೆ ಬರುವ ಕನ್ನಡದ ಮಕ್ಕಳಲ್ಲಿ ಹಲವರ ಮನೆಯಲ್ಲಿ ಒಬ್ಬರಾದರೂ ಮಗ್ಗದ ಮುಂದೆಯೋ, ಸಮವಸ್ತ್ರ ಹೊಲಿಯುವ ಯಂತ್ರದ ಮುಂದೆಯೋ, ಬಣ್ಣದ ಮನೆಯಲ್ಲೋ ದುಡಿದವರು ಇರುತ್ತಾರೆ. ಆದ್ದರಿಂದ ಪ್ರಾಜೆಕ್ಟಿನ ವಿಷಯ ಆರಿಸುವ ಕಾಲಕ್ಕೆ ಅವರ ಮನಸ್ಸು ಬಟ್ಟೆಯ ಬಣ್ಣದ ಕಡೆಗೆ ವಾಲುವುದು ಸಹಜ. ಪ್ರತಿ ವರ್ಷವೂ ನನ್ನೆದುರು ಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಸಿಂಥೆಟಿಕ್ ಬಟ್ಟೆಯ ಮೇಲೆ ಮುದ್ರಿಸಲು ಹೊಸ ಹೆಟೆರೋಸೈಕ್ಲಿಕ್ ಬಣ್ಣ (ಇಂಗಾಲದ ಜೊತೆ ಗಂಧಕ, ಸಾರಜನಕದಂಥ ಬೇರೆ ಪರಮಾಣುವೂ ಸೇರಿದ ಉಂಗುರವುಳ್ಳ ಬಣ್ಣ) ತಯಾರಿಸಬೇಕೆಂದಿದ್ದೇನೆ, ಪಿರಿಡೋನ್ ಹಿಡಿಯಲೋ, ಬೆಂಜೋಥಯಾಜೋಲ್ ಹಿಡಿಯಲೋ, ಥಯೋಫೀನ್ ಹಿಡಿಯಲೋ? ಮರಾಠಿಯಲ್ಲಿ ಪಾಠ ಕೇಳಿ, ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದು, ಕನ್ನಡದಲ್ಲಿ ಯೋಚಿಸುವ ಈ ವಿದ್ಯಾರ್ಥಿಗಳಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಒಂದೆಡೆ ಬರೆಯುತ್ತಿದ್ದೇನೆ. ಸಣ್ಣ ಪ್ರಮಾಣದಲ್ಲಿ ಬಣ್ಣ ತಯಾರಿಸಲು ಯೋಚಿಸುತ್ತಿರುವ ಇಚಲಕರಂಜಿಯ ಕಡೆಯ ಉದ್ಯಮಿಗಳಿಗೂ ಇದರಲ್ಲಿ ಕೆಲವು ಮಾತುಗಳು ಉಪಯೋಗಕ್ಕೆ ಬರಬಹುದು.

ಮೊದಲು ಉಂಗುರದ ಮಾತು ಬೇಡ, ಬಟ್ಟೆಯ ಮಾತಾಡೋಣ. ಪಾಲಿಯೆಸ್ಟರ್ ನೀರನ್ನು ಒಳಗೆ ಬಿಟ್ಟುಕೊಳ್ಳದ ಬಿಗಿಯಾದ ನಾರು. ಅದರ ಅಣುಸರಪಳಿಗಳು ಸಡಿಲಗೊಳ್ಳಲು 70-80 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಬಣ್ಣ ಸರಾಗವಾಗಿ ಒಳಗಿಳಿಯಲು ಅದಕ್ಕಿಂತ ಬಹಳ ಹೆಚ್ಚಿನ ಬಿಸಿ ಬೇಕು. ವಿದ್ಯುದಾವೇಶವಿಲ್ಲದ, ನೀರಿನಲ್ಲಿ ಬಹುತೇಕ ಕರಗದ, ಸಣ್ಣ ಗಾತ್ರದ ಅಣುಗಳನ್ನು ನೀರಿನಲ್ಲಿ ನುಣ್ಣಗೆ ಚದುರಿಸಿ ಕೊಟ್ಟಾಗ ಮಾತ್ರ ಈ ನಾರು ಅವನ್ನು ಸ್ವೀಕರಿಸುತ್ತದೆ. ಇವೇ ಡಿಸ್ಪರ್ಸ್ ಬಣ್ಣಗಳು. ನೀವು ತಯಾರಿಸುವ ಹೊಸ ಅಣು ಎಷ್ಟೇ ಚೆಂದದ ಹರಳಾಗಿ ಬಂದರೂ ಈ ಗುಣಗಳು ಇಲ್ಲದಿದ್ದರೆ ಅದು ಸೀಸೆಯಲ್ಲಿ ಉಳಿಯುತ್ತದೆಯೇ ಹೊರತು ಬಟ್ಟೆಗೆ ಹತ್ತುವುದಿಲ್ಲ.

ಹಾಗಾದರೆ ಹೆಟೆರೋಸೈಕ್ಲಿಕ್ ಉಂಗುರವೇ ಏಕೆ ಬೇಕು? ಬರೀ ಬೆಂಜೀನ್ ಉಂಗುರಗಳಿಂದ ಹಳದಿ, ಕಿತ್ತಳೆ, ಕೆಂಪು ಅಜೋ ಬಣ್ಣಗಳನ್ನು, ಅಂದರೆ ಎರಡು ಸಾರಜನಕ ಪರಮಾಣುಗಳ ಕೊಂಡಿಯಿಂದ ಬೆಸೆದ ಬಣ್ಣಗಳನ್ನು, ಸುಲಭವಾಗಿ ಪಡೆಯಬಹುದು. ನೀಲಿಗೆ ಹೋಗಬೇಕೆಂದರೆ ಮಾತ್ರ ನೈಟ್ರೋ, ಬ್ರೋಮೊ ಗುಂಪುಗಳನ್ನು ಒಂದರ ಪಕ್ಕ ಒಂದು ಪೇರಿಸಬೇಕಾಗುತ್ತದೆ. ಸಿ.ಐ. (ಬಣ್ಣಗಳ ಅಂತರರಾಷ್ಟ್ರೀಯ ಪಟ್ಟಿಯಾದ ಕಲರ್ ಇಂಡೆಕ್ಸ್) ಡಿಸ್ಪರ್ಸ್ ಬ್ಲೂ 79 ಹಾಗೆ ಹುಟ್ಟಿದ ಬಣ್ಣ, ಅದರ ಛಾಯೆ ಮಂಕು. ಆಂಥ್ರಕ್ವಿನೋನ್ ಬಣ್ಣಗಳು ಕಣ್ಣಿಗೆ ಹೊಳೆಯುತ್ತವೆ, ಬಿಸಿಲನ್ನೂ ತಡೆಯುತ್ತವೆ, ಆದರೆ ಅವುಗಳ ಬಣ್ಣಬಲ ಕಡಿಮೆ: ಬೆಳಕನ್ನು ಎಷ್ಟು ಹೀರುತ್ತದೆಂದು ತೋರಿಸುವ ಮೋಲಾರ್ ಹೀರಿಕೆ 15,000ದ ಆಸುಪಾಸಿನಲ್ಲಿ ನಿಲ್ಲುತ್ತದೆ, ಸಾಮಾನ್ಯ ಅಜೋ ಬಣ್ಣಗಳದು 30,000-40,000ಕ್ಕೆ ಏರುತ್ತದೆ. ಅಂದರೆ ಅದೇ ಗಾಢತೆಗೆ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು ಬಣ್ಣ ಸುರಿಯಬೇಕು. ಗಂಧಕ ಅಥವಾ ಸಾರಜನಕವನ್ನು ಒಳಗೊಂಡ ಐದು ಮೂಲೆಯ ಉಂಗುರವನ್ನು ಬೆಂಜೀನಿನ ಜಾಗದಲ್ಲಿ ಕೂಡಿಸಿದರೆ ಎಲೆಕ್ಟ್ರಾನುಗಳ ಹರಿದಾಟ ಸರಾಗವಾಗಿ, ಅಣುವನ್ನು ದೊಡ್ಡದು ಮಾಡದೆಯೇ ಛಾಯೆ ನೀಲಿಯತ್ತ ಸರಿಯುತ್ತದೆ. ಅಜೋ ಬಣ್ಣದ ಬಲ, ಆಂಥ್ರಕ್ವಿನೋನಿನ ಹೊಳಪು ಎರಡೂ ಒಂದೇ ಅಣುವಿನಲ್ಲಿ ಸಿಗುವ ಸಾಧ್ಯತೆ ಇರುವುದರಿಂದಲೇ ಈ ದಾರಿಗೆ ಬೆಲೆ.

ಯಾವುದರಿಂದ ಅಳೆಯಬೇಕು

ಆಯ್ಕೆಗೆ ನಾನು ಬಳಸುವ ಅಳತೆಗೋಲುಗಳು ಆರು. ಅವುಗಳಲ್ಲಿ ಛಾಯೆ ಮೊದಲನೆಯದಾದರೂ ಅತಿ ಮುಖ್ಯವಾದದ್ದಲ್ಲ. ನನ್ನ ಅನುಭವದಲ್ಲಿ ಪ್ರಾಜೆಕ್ಟುಗಳು ನಿಲ್ಲುವುದು ಎರಡನೆಯದರ ಬಳಿ: ಅಮೈನನ್ನು (ಉಂಗುರಕ್ಕೆ ಅಮಿನೋ ಗುಂಪು ಅಂಟಿದ ಅಣುವನ್ನು) ಡಯಜೋಟೀಕರಿಸಲು, ಅಂದರೆ ಇನ್ನೊಂದು ಅಣುವಿಗೆ ಜೋಡಣೆಯಾಗಬಲ್ಲ ಡಯಜೋ ಲವಣವಾಗಿಸಲು, ಯಾವ ಆಮ್ಲ ಬೇಕು ಎಂಬುದರ ಬಳಿ. ಸಾಧಾರಣ ಅನಿಲೀನಿಗೆ ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸೋಡಿಯಂ ನೈಟ್ರೈಟ್ ಸಾಕು. ಹೆಟೆರೋಸೈಕ್ಲಿಕ್ ಅಮೈನುಗಳಲ್ಲಿ ಹೆಚ್ಚಿನವು ಎಷ್ಟು ದುರ್ಬಲ ಪ್ರತ್ಯಾಮ್ಲಗಳೆಂದರೆ ಅವಕ್ಕೆ ತೀವ್ರ ಸಲ್ಫ್ಯೂರಿಕ್ ಆಮ್ಲದಲ್ಲಿ ನೈಟ್ರೈಟನ್ನು ಕರಗಿಸಿ ಮಾಡಿದ ನೈಟ್ರೋಸಿಲ್ ಸಲ್ಫ್ಯೂರಿಕ್ ಆಮ್ಲವೇ ಬೇಕು, ಜೊತೆಗೆ ಅಸಿಟಿಕ್ ಮತ್ತು ಪ್ರೊಪಿಯಾನಿಕ್ ಆಮ್ಲಗಳ ಮಿಶ್ರಣ ಬೇಕು, ಉಷ್ಣತೆ 0-5 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕದಲದೆ ನಿಲ್ಲಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಸುಡುವ ಸೊಲ್ಲಾಪುರದಲ್ಲಿ, ವಿದ್ಯುತ್ ಕೈಕೊಡುವ ಪ್ರಯೋಗಾಲಯದಲ್ಲಿ, ಇದು ಸಣ್ಣ ಷರತ್ತಲ್ಲ.

ಮೂರನೆಯದು ಬಿಸಿ. ಮುದ್ರಿಸಿದ ಬಣ್ಣವನ್ನು ನಾರಿನೊಳಗೆ ನೆಲೆಗೊಳಿಸಲು ಮೂರು ದಾರಿಗಳಿವೆ: ಒತ್ತಡದ ಉಗಿಯಲ್ಲಿ 130 ಡಿಗ್ರಿಗೆ ಅರ್ಧ ಗಂಟೆ, ಒತ್ತಡವಿಲ್ಲದ ಅತಿಕಾದ ಉಗಿಯಲ್ಲಿ 170-180 ಡಿಗ್ರಿಗೆ ಆರರಿಂದ ಎಂಟು ನಿಮಿಷ, ಒಣಬಿಸಿಯಲ್ಲಿ 200-210 ಡಿಗ್ರಿಗೆ ಸುಮಾರು ಒಂದು ನಿಮಿಷ. ಇದರ ಹೊರತಾಗಿ ಕಾಗದದ ಮೇಲೆ ಮುದ್ರಿಸಿ ಬಿಸಿ ಒತ್ತಿನಿಂದ ಬಟ್ಟೆಗೆ ವರ್ಗಾಯಿಸುವ ಪದ್ಧತಿಯೂ ಉಂಟು, ಅದಕ್ಕೆ 200 ಡಿಗ್ರಿಯ ಸುತ್ತ ಅರ್ಧ ನಿಮಿಷ ಸಾಕು. ವರ್ಗಾವಣೆಗೆ ಆವಿಯಾಗಿ ಹಾರುವ ಸಣ್ಣ ಅಣು ಬೇಕು, ಒಣಬಿಸಿಯ ಸ್ಥಿರೀಕರಣಕ್ಕೆ ಹಾರದೆ ನಿಲ್ಲುವ ದೊಡ್ಡ ಅಣು ಬೇಕು. ಒಂದೇ ಬಣ್ಣ ಎರಡಕ್ಕೂ ಚೆನ್ನಾಗಿ ಒದಗಲಾರದು. ಇದನ್ನು ಮೊದಲೇ ತೀರ್ಮಾನಿಸದೆ ಸಂಶ್ಲೇಷಣೆಗೆ ಕೈಹಾಕಿದವರು ಕೊನೆಯಲ್ಲಿ ಎರಡು ಕಡೆಯೂ ಸಲ್ಲದ ಬಣ್ಣವನ್ನು ಹಿಡಿದು ನಿಲ್ಲುತ್ತಾರೆ.

ನಾಲ್ಕನೆಯದು ನೀರು. ಮುದ್ರಣವಾದ ಮೇಲೆ ನಾರಿನ ಹೊರಮೈಯಲ್ಲಿ ಉಳಿದ ಬಣ್ಣವನ್ನು ತೆಗೆಯದಿದ್ದರೆ ಬಟ್ಟೆ ಉಜ್ಜಿದರೆ ಬಣ್ಣ ಬಿಡುತ್ತದೆ. ಅದನ್ನು ತೆಗೆಯಲು ರೂಢಿಯಲ್ಲಿರುವುದು ಲೀಟರಿಗೆ ಎರಡು ಗ್ರಾಂ ಕಾಸ್ಟಿಕ್ ಸೋಡಾ, ಎರಡು ಗ್ರಾಂ ಹೈಡ್ರೋಸ್ ಹಾಕಿ 70-80 ಡಿಗ್ರಿಯಲ್ಲಿ ಹದಿನೈದು-ಇಪ್ಪತ್ತು ನಿಮಿಷ ತೊಳೆಯುವ ಕ್ರಮ. ಹೈಡ್ರೋಸ್ ಎಂದು ಬಣ್ಣದ ಮನೆಯವರು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟ್ ಕೊಳಚೆ ನೀರಿನ ಆಮ್ಲಜನಕವನ್ನು ಹೀರುತ್ತದೆ, ಸಲ್ಫೇಟಿನ ಹೊರೆ ಹೆಚ್ಚಿಸುತ್ತದೆ. ಇಚಲಕರಂಜಿಯ ಬಳಿ ಹರಿಯುವ ಪಂಚಗಂಗೆಯ ದಂಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸೊಲ್ಲಾಪುರಕ್ಕೆ ಭೀಮೆಯ ಉಜನಿ ಅಣೆಕಟ್ಟಿನಿಂದ ನೀರು ಬರಬೇಕು, ಬೇಸಿಗೆಯಲ್ಲಿ ನಲ್ಲಿ ಬರುವ ದಿನಕ್ಕಾಗಿ ಕಾಯಬೇಕು. ಇಂಥ ಊರುಗಳಿಗೆ ಬಣ್ಣ ಮಾಡುವವರು ತೊಳೆಯುವ ನೀರಿನ ಲೆಕ್ಕವನ್ನು ಅಣುವಿನ ವಿನ್ಯಾಸದಲ್ಲೇ ಹಾಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಐದನೆಯದು ಚರ್ಮ ಮತ್ತು ಕಾನೂನು, ಆರನೆಯದು ಕಚ್ಚಾವಸ್ತುವಿನ ಬೆಲೆ ಮತ್ತು ಲಭ್ಯತೆ. ಇವೆರಡನ್ನೂ ಆಯಾ ಉಂಗುರದ ಜೊತೆಗೇ ನೋಡೋಣ.

ಪಿರಿಡೋನ್: ಮೊದಲ ಸಲ ಮಾಡುವವರಿಗೆ

ಹಳದಿ ಸಾಕು ಎನ್ನುವವರಿಗೆ ಇದಕ್ಕಿಂತ ಭರವಸೆಯ ದಾರಿ ಇನ್ನೊಂದಿಲ್ಲ. ಇಲ್ಲಿ ಹೆಟೆರೋಸೈಕ್ಲಿಕ್ ಉಂಗುರ ಇರುವುದು ಜೋಡಣೆಯಾಗುವ ಭಾಗದಲ್ಲಿ, ಡಯಜೋ ಭಾಗದಲ್ಲಿ ಅಲ್ಲ. ಈಥೈಲ್ ಸಯನೋಅಸಿಟೇಟಿಗೆ ಮೀಥೈಲ್ ಅಮೈನ್ ಅಥವಾ ಈಥೈಲ್ ಅಮೈನ್ ಸೇರಿಸಿ, ಅದಕ್ಕೆ ಈಥೈಲ್ ಅಸಿಟೋಅಸಿಟೇಟನ್ನು ಪ್ರತ್ಯಾಮ್ಲದೊಂದಿಗೆ ಕೂಡಿಸಿ ಕಾಯಿಸಿದರೆ 3-ಸಯನೋ-6-ಹೈಡ್ರಾಕ್ಸಿ-4-ಮೀಥೈಲ್-2-ಪಿರಿಡೋನ್ ಸಿದ್ಧವಾಗುತ್ತದೆ, ಆಮ್ಲ ಹಾಕಿದಾಗ ಅದು ತಳದಲ್ಲಿ ಕೂರುತ್ತದೆ. ಮೀಥೈಲ್, ಈಥೈಲ್ ಅಮೈನುಗಳಿಗೆ ದೂರ ಹೋಗಬೇಕಾಗಿಲ್ಲ. ಸೊಲ್ಲಾಪುರದ ಬಾಲಾಜಿ ಅಮೈನ್ಸ್ ಅವನ್ನೇ ತಯಾರಿಸುವ ಕಂಪನಿ. ಡಯಜೋ ಭಾಗಕ್ಕೆ ಸಾಧಾರಣ ಅನಿಲೀನುಗಳನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಡಯಜೋಟೀಕರಿಸಿ ಜೋಡಿಸಿದರೆ ಸಾಮಾನ್ಯವಾಗಿ ಉತ್ತಮ ಇಳುವರಿ ಬರುತ್ತದೆ.

ಹೀಗೆ ಸಿಗುವ ಬಣ್ಣಗಳು ಅಜೋ ರೂಪದಲ್ಲಿರದೆ, ಕೊಂಡಿಯ ಒಂದು ಸಾರಜನಕಕ್ಕೆ ಹೈಡ್ರೋಜನ್ ಸರಿದ ಹೈಡ್ರಜೋನ್ ರೂಪದಲ್ಲಿರುತ್ತವೆ. ಅಣುವಿನೊಳಗೇ ಬಿಗಿದುಕೊಂಡ ಹೈಡ್ರೋಜನ್ ಬಂಧ ಅದಕ್ಕೆ ಸ್ಥಿರತೆ ಕೊಡುತ್ತದೆ, ಹಸಿರು ಛಾಯೆಯ ಶುದ್ಧ ಹಳದಿಯನ್ನೂ ಕೊಡುತ್ತದೆ. ಮಾರುಕಟ್ಟೆಯಲ್ಲಿರುವ ಸಿ.ಐ. ಡಿಸ್ಪರ್ಸ್ ಯೆಲ್ಲೊ 119 ಮತ್ತು 211 ಇದೇ ಮನೆತನದವು. ಬಿಸಿಲಿನ ತಾಳಿಕೆ ಎಂಟರ ಮಾಪಕದಲ್ಲಿ ಬಹುತೇಕ ಐದು-ಆರರ ಸುತ್ತ ನಿಲ್ಲುತ್ತದೆ. ಸಾರಜನಕದ ಮೇಲೆ ಸಣ್ಣ ಆಲ್ಕೈಲ್ ಗುಂಪು ಇಟ್ಟರೆ ಅಣು ಹಗುರವಾಗಿ ವರ್ಗಾವಣೆ ಮುದ್ರಣಕ್ಕೆ ಒದಗುತ್ತದೆ, ಉದ್ದನೆಯ ಗುಂಪು ಇಟ್ಟರೆ ಆವಿಯಾಗುವುದು ತಗ್ಗಿ ಒಣಬಿಸಿಗೆ ಒಗ್ಗುತ್ತದೆ. ಒಂದೇ ಉಂಗುರದಲ್ಲಿ ಎರಡೂ ದಿಕ್ಕಿಗೆ ತಿರುಗಿಸಬಹುದಾದ ಈ ಅನುಕೂಲವೇ ಅದನ್ನು ಒಳ್ಳೆಯ ಪ್ರಾಜೆಕ್ಟಿನ ವಿಷಯವನ್ನಾಗಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಸರಣಿ ಬಣ್ಣ ತಯಾರಿಸುವಾಗ ಕಪಾಟಿನಲ್ಲಿ ಕೈಗೆ ಸಿಕ್ಕ ಅನಿಲೀನುಗಳನ್ನೆಲ್ಲ ಸಾಲಾಗಿ ಬಳಸುವ ರೂಢಿ ನಮ್ಮಲ್ಲಿದೆ: ಪ್ಯಾರಾ-ಕ್ಲೋರೋಅನಿಲೀನ್, ಆರ್ಥೋ-ಟೊಲುಯಿಡಿನ್, ಆರ್ಥೋ-ಅನಿಸಿಡಿನ್. ಈ ಮೂರೂ ಯುರೋಪಿನ ನಿಷೇಧಿತ ಅರೋಮ್ಯಾಟಿಕ್ ಅಮೈನುಗಳ ಪಟ್ಟಿಯಲ್ಲಿವೆ. ಅಜೋ ಬಂಧ ಮುರಿದು ಅವು ಬಿಡುಗಡೆಯಾಗುವ ಬಣ್ಣವಿದ್ದರೆ, 2002ರ ನಿರ್ದೇಶನದಲ್ಲಿ ಬಂದು ಈಗ ಯುರೋಪಿನ ರೀಚ್ ಎಂಬ ರಾಸಾಯನಿಕ ಕಾನೂನಿನಲ್ಲಿ ಮುಂದುವರಿದಿರುವ ಮಿತಿಯ ಪ್ರಕಾರ ಅವುಗಳ ಪ್ರಮಾಣ ಬಟ್ಟೆಯಲ್ಲಿ ಕಿಲೋಗ್ರಾಂಗೆ 30 ಮಿಲಿಗ್ರಾಂ ಮೀರುವಂತಿಲ್ಲ. ನನ್ನ ಬಳಿ ಕೆಲಸ ಮಾಡಿದ ಒಬ್ಬ ವಿದ್ಯಾರ್ಥಿನಿಯ ಎಂಟು ಬಣ್ಣಗಳಲ್ಲಿ ಅತಿ ಸುಂದರವಾಗಿ ಮೂಡಿದ್ದು ಪ್ಯಾರಾ-ಕ್ಲೋರೋಅನಿಲೀನಿನದು. ರಫ್ತಿನ ಬಟ್ಟೆ ಮುದ್ರಿಸುವವರೊಬ್ಬರಿಗೆ ಅದನ್ನು ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ ಅಮೈನ್ ಯಾವುದೆಂಬುದು, ಎರಡನೆಯ ಪ್ರಶ್ನೆಗೆ ಅವಕಾಶವೇ ಬರಲಿಲ್ಲ. ಆ ತಪ್ಪನ್ನು ಆರಂಭದಲ್ಲೇ ತಡೆಯಬೇಕಾಗಿದ್ದವನು ನಾನು. ಮೆಟಾ-ನೈಟ್ರೋಅನಿಲೀನ್, ಪ್ಯಾರಾ-ಟೊಲುಯಿಡಿನ್, ಪ್ಯಾರಾ-ಅಮಿನೋಬೆಂಜೋಯಿಕ್ ಆಮ್ಲದ ಎಸ್ಟರುಗಳು ಆ ಪಟ್ಟಿಯಲ್ಲಿಲ್ಲ. ಸರಣಿಯನ್ನು ಅವುಗಳ ಸುತ್ತ ಕಟ್ಟಿ.

ಪಿರಿಡೋನಿನ ಮಿತಿಯೂ ಸ್ಪಷ್ಟವಿದೆ. ಹಳದಿಯಿಂದ ಕಿತ್ತಳೆಯಾಚೆಗೆ ಅದು ಸುಲಭವಾಗಿ ದಾಟುವುದಿಲ್ಲ, ಈ ವಲಯದಲ್ಲಿ ಆಗಲೇ ಬಹಳಷ್ಟು ಕೆಲಸ ನಡೆದಿರುವುದರಿಂದ ಹೊಸತನ ತೋರಿಸುವುದೂ ಕಷ್ಟ. 1883ರಲ್ಲಿ ಕ್ನಾರ್ ಮೊದಲು ತಯಾರಿಸಿದ ಪಿರಜೋಲೋನ್ ಇದರ ಹಿರಿಯಣ್ಣನಂತೆ. ಅಗ್ಗ, ಸರಳ, ಆದರೆ ಬಣ್ಣಬಲದಲ್ಲಿ ಪಿರಿಡೋನಿಗೆ ಸಾಟಿಯಲ್ಲ. ಬಿ.ಎಸ್ಸಿ. ಮಟ್ಟದ ಅಭ್ಯಾಸಕ್ಕೆ ಅದು ಸಾಕು.

ಬೆಂಜೋಥಯಾಜೋಲ್: ಕೆಂಪು ಬೇಕೆಂದರೆ

ಕೆಂಪಿನಲ್ಲಿ ನಂಬಿಕೆಗೆ ಅರ್ಹವಾದ ಉಂಗುರ ಇದು. 2-ಅಮಿನೋ-6-ನೈಟ್ರೋಬೆಂಜೋಥಯಾಜೋಲನ್ನು ಡಯಜೋಟೀಕರಿಸಿ, ಸಯನೋಈಥೈಲ್ ಗುಂಪು ಹೊತ್ತ ಅನಿಲೀನಿಗೆ ಜೋಡಿಸಿದಾಗ ಬರುವುದು ಸಿ.ಐ. ಡಿಸ್ಪರ್ಸ್ ರೆಡ್ 177ರ ಕುಟುಂಬ. ಸಿ.ಐ. ಡಿಸ್ಪರ್ಸ್ ರೆಡ್ 153 ಡೈಕ್ಲೋರೋಬೆಂಜೋಥಯಾಜೋಲಿನಿಂದ ಆದದ್ದು. 3,4-ಡೈಕ್ಲೋರೋಅನಿಲೀನಿನಿಂದ ಉಂಗುರ ಕಟ್ಟುವಾಗ ಎರಡೂ ಬದಿಯಲ್ಲಿ ಮುಚ್ಚಿಕೊಳ್ಳುವ ಸಾಧ್ಯತೆ ಇರುವುದರಿಂದ ಅದು ಎರಡು ಐಸೋಮರುಗಳ (ಒಂದೇ ಸೂತ್ರದ, ಬೇರೆ ಜೋಡಣೆಯ ಅಣುಗಳ) ಮಿಶ್ರಣವಾಗಿಯೇ ಬರುತ್ತದೆ, ಮಿಶ್ರಣವಾಗಿಯೇ ಮಾರಾಟವಾಗುತ್ತದೆ. ಪ್ರಬಂಧಕ್ಕಾಗಿ ಟಿಎಲ್‌ಸಿ ಹಾಳೆಯ ಮೇಲೆ ಒಂದೇ ಚುಕ್ಕೆಯ ಶುದ್ಧತೆ ಬಯಸುವ ವಿದ್ಯಾರ್ಥಿಗೆ ಇದು ತೊಡಕು, ಕಾರ್ಖಾನೆಗೆ ಅಲ್ಲ.

ಬಿಸಿಗೆ ಹಾರದಿರುವ ಗುಣ ಇದರ ದೊಡ್ಡ ಬಲ, ಅಣುವಿನ ಗಾತ್ರ ಅದಕ್ಕೆ ನೆರವಾಗುತ್ತದೆ. ಆದ್ದರಿಂದ ಬಟ್ಟೆಯನ್ನು ಹರವಿ ಹಿಡಿದು ಕಾಯಿಸುವ ಸ್ಟೆಂಟರ್ ಯಂತ್ರದಲ್ಲಿ ಒಣಬಿಸಿ ಕೊಡುವ ಪ್ರೊಸೆಸ್ ಹೌಸಿಗೆ (ಬಟ್ಟೆ ಸಂಸ್ಕರಿಸುವ ಘಟಕಕ್ಕೆ) ಇದು ಹೇಳಿ ಮಾಡಿಸಿದಂತಿದೆ. ತಯಾರಿಕೆಯಲ್ಲಿ ಎರಡು ಕಷ್ಟಗಳಿವೆ. ಬದಲಿ ಗುಂಪುಳ್ಳ ಅನಿಲೀನಿನಿಂದ ಉಂಗುರವನ್ನು ನೀವೇ ಕಟ್ಟುವುದಾದರೆ ಥಯೋಸಯನೇಟಿನ ಜೊತೆ ಬ್ರೋಮಿನ್ ಬಳಸಬೇಕು. ವಿಷಗಾಳಿಯನ್ನು ಹೊರಗೆಳೆಯುವ ಸರಿಯಾದ ಫ್ಯೂಮ್ ಹುಡ್ ಇಲ್ಲದ ಕಡೆ ಅದಕ್ಕೆ ಕೈಹಾಕಬಾರದು. ಅಮೈನನ್ನು ಸಿದ್ಧವಾಗಿಯೇ ಕೊಂಡರೂ ಡಯಜೋಟೀಕರಣಕ್ಕೆ ತೀವ್ರ ಫಾಸ್ಫಾರಿಕ್ ಆಮ್ಲ ಅಥವಾ ನೈಟ್ರೋಸಿಲ್ ಸಲ್ಫ್ಯೂರಿಕ್ ಆಮ್ಲ ತಪ್ಪದು. ಒಂದು ಮೇ ತಿಂಗಳಲ್ಲಿ ನಮ್ಮಲ್ಲಿ ಐಸ್ ಮುಗಿದು ಉಷ್ಣತೆ ಹದಿನೈದು ದಾಟಿದಾಗ ಕಂದು ಹೊಗೆ ಎದ್ದು, ಎರಡು ದಿನದ ಕೆಲಸ ಡಾಂಬರಿನಂತಾದದ್ದು ನನಗೆ ಇನ್ನೂ ನೆನಪಿದೆ. ಪಿಷ್ಟ-ಅಯೋಡೈಡ್ ಕಾಗದದಿಂದ ನೈಟ್ರಸ್ ಆಮ್ಲದ ಹೆಚ್ಚಳ ನೋಡುವುದು, ಅದನ್ನು ಯೂರಿಯಾ ಅಥವಾ ಸಲ್ಫಾಮಿಕ್ ಆಮ್ಲದಿಂದ ತೆಗೆಯುವುದು, ಡಯಜೋ ಲವಣವನ್ನು ಎಂದೂ ಒಣಗಿಸದೆ ದ್ರಾವಣದಲ್ಲೇ ಬಳಸುವುದು: ಈ ಮೂರನ್ನು ಮರೆತರೆ ಇಳುವರಿ ಮಾತ್ರವಲ್ಲ, ಕೈಯೂ ಅಪಾಯಕ್ಕೆ ಸಿಲುಕುತ್ತದೆ.

ನೈಟ್ರೋಥಯಾಜೋಲ್: ಬೇಡವೆನ್ನಲು ಕಾರಣ

2-ಅಮಿನೋ-5-ನೈಟ್ರೋಥಯಾಜೋಲಿನಿಂದ ಸಿಗುವ ನೀಲಿಗೆ ಮನಸೋಲದವರು ವಿರಳ. ಒಂದೇ ನೈಟ್ರೋ ಗುಂಪಿನಿಂದ ಅಷ್ಟು ನಿಚ್ಚಳವಾದ ನೀಲಿ ಬರುವುದನ್ನು ನೋಡುವುದೇ ಒಂದು ಪಾಠ. ಆ ಅಮೈನ್ ಔಷಧ ಮಾರುಕಟ್ಟೆಯಲ್ಲಿ ಸಿಗುತ್ತದೆ ಕೂಡ, ನೈಟಜಾಕ್ಸನೈಡ್ ಎಂಬ ಔಷಧದ ತಯಾರಿಕೆಗೂ ಅದೇ ಬೇಕು. ಆದರೆ ಇದೇ ಅಮೈನಿನಿಂದ ಆದ ಸಿ.ಐ. ಡಿಸ್ಪರ್ಸ್ ಬ್ಲೂ 106 ಮತ್ತು 124 ಬಟ್ಟೆಯಿಂದ ಚರ್ಮಕ್ಕೆ ಅಲರ್ಜಿ ತರುವ ಬಣ್ಣಗಳಲ್ಲಿ ಮುಂಚೂಣಿಯಲ್ಲಿವೆ. ಬಟ್ಟೆಯ ಸುರಕ್ಷತೆಗೆ ಮುದ್ರೆ ಹಾಕುವ ಓಕೊ-ಟೆಕ್ಸ್ ಮಾನದಂಡ ಅವೆರಡನ್ನೂ ಅಲರ್ಜಿಕಾರಕ ಬಣ್ಣಗಳ ಪಟ್ಟಿಯಲ್ಲಿಟ್ಟಿದೆ. ಶಾಲೆಯ ಸಮವಸ್ತ್ರ ಹೊಲಿಯುವ ಊರಿನಲ್ಲಿ ಕುಳಿತು, ಮಕ್ಕಳ ಬೆವರುವ ಮೈಗೆ ತಾಗುವ ಬಟ್ಟೆಗೆ, ಅವುಗಳ ಹತ್ತಿರದ ನೆಂಟನಂತಿರುವ ಅಣುವನ್ನು ಚರ್ಮದ ಪರೀಕ್ಷೆಯಿಲ್ಲದೆ ಸೂಚಿಸುವುದು ನನಗೆ ಸರಿಕಾಣುವುದಿಲ್ಲ. ಬಣ್ಣ ಮತ್ತು ಅಣುರಚನೆಯ ಸಂಬಂಧದ ಅಧ್ಯಯನಕ್ಕೆ ಮಾತ್ರ ಇದನ್ನು ಇಟ್ಟುಕೊಳ್ಳಬಹುದು.

ಥಯೋಫೀನ್: ಹೆಚ್ಚು ಶ್ರಮ, ಹೆಚ್ಚು ಫಲ

ಹೊಸತನ್ನು ಹೇಳುವ ಅವಕಾಶ ಎಲ್ಲಿ ಉಳಿದಿದೆ ಎಂದು ಕೇಳಿದರೆ ನಾನು ಥಯೋಫೀನಿನ ಕಡೆ ಕೈತೋರಿಸುತ್ತೇನೆ. 1960ರ ದಶಕದಲ್ಲಿ ಕಾರ್ಲ್ ಗೆವಾಲ್ಡ್ ತೋರಿಸಿಕೊಟ್ಟ ವಿಧಾನದಲ್ಲಿ ಒಂದು ಕೀಟೋನ್, ಈಥೈಲ್ ಸಯನೋಅಸಿಟೇಟ್ ಅಥವಾ ಮ್ಯಾಲೊನೋನೈಟ್ರೈಲ್, ಮತ್ತು ಸಾಧಾರಣ ಗಂಧಕದ ಪುಡಿಯನ್ನು ಮಾರ್ಫೋಲೀನಿನಂಥ ಪ್ರತ್ಯಾಮ್ಲದೊಂದಿಗೆ ಎಥನಾಲಿನಲ್ಲಿ ಹದವಾಗಿ ಕಾಯಿಸಿದರೆ 2-ಅಮಿನೋಥಯೋಫೀನ್ ಒಂದೇ ಪಾತ್ರೆಯಲ್ಲಿ ಸಿದ್ಧವಾಗುತ್ತದೆ. ಸೈಕ್ಲೋಹೆಕ್ಸನೋನಿನಿಂದ ಹೊರಟರೆ ಬರುವ ಎಸ್ಟರ್ ತಿಳಿ ಹಳದಿಯ ಹರಳಾಗಿ ಬೀಳುತ್ತದೆ. ಹೊಸಬರ ಕೈಗೂ ಒಲಿಯುವ ಪ್ರಯೋಗ ಅದು. ಕೀಟೋನ್ ಬದಲಿಸಿದಂತೆ ಅಮೈನ್ ಬದಲಾಗುತ್ತದೆ, ಆದ್ದರಿಂದ ಸರಣಿ ಕಟ್ಟಲು ನಿಷೇಧಿತ ಅನಿಲೀನುಗಳ ಹಂಗೇ ಬೇಕಿಲ್ಲ.

ಇಂಥ ಅಮೈನನ್ನು ನೈಟ್ರೋಸಿಲ್ ಸಲ್ಫ್ಯೂರಿಕ್ ಆಮ್ಲದಲ್ಲಿ ಡಯಜೋಟೀಕರಿಸಿ ಡೈಆಲ್ಕೈಲ್ ಅನಿಲೀನುಗಳಿಗೆ ಜೋಡಿಸಿದರೆ ಕಿತ್ತಳೆಯಿಂದ ಕೆಂಪಿನವರೆಗಿನ ಛಾಯೆಗಳು ದೊರೆಯುತ್ತವೆ. ಉಂಗುರದ 3 ಮತ್ತು 5ನೆಯ ಸ್ಥಾನಗಳಲ್ಲಿ ನೈಟ್ರೋ ಇದ್ದರೆ ಹಸಿರು ಬೆರೆತ ನೀಲಿಯವರೆಗೂ ಹೋಗಬಹುದು, ಸಿ.ಐ. ಡಿಸ್ಪರ್ಸ್ ಗ್ರೀನ್ 9 ಅದಕ್ಕೆ ಉದಾಹರಣೆ. ಎರಡು ನೈಟ್ರೋ ಗುಂಪಿನ ಅಮೈನನ್ನು ಕಾಲೇಜಿನಲ್ಲಿ ತಯಾರಿಸುವುದು ಬೇಡ. ಅದಕ್ಕೆ ಬೇಕಾದ ನೈಟ್ರೀಕರಣಕ್ಕೆ ಕಾರ್ಖಾನೆಯ ಸುರಕ್ಷತೆ ಬೇಕು.

ನನಗೆ ಥಯೋಫೀನಿನಲ್ಲಿ ವಿಶೇಷವಾಗಿ ಇಷ್ಟವಾಗುವುದು ಅದು ನೀರಿನ ಲೆಕ್ಕಕ್ಕೆ ಒದಗುವ ಬಗೆ. ಮೂರನೆಯ ಸ್ಥಾನದಲ್ಲಿರುವ ಎಸ್ಟರ್ ಗುಂಪು, ಜೋಡಣೆಯ ಭಾಗದಲ್ಲಿ ಬೇಕೆಂದೇ ಇಟ್ಟ ಇನ್ನೊಂದೆರಡು ಎಸ್ಟರ್ ಗುಂಪುಗಳು, ಬಿಸಿ ಕ್ಷಾರದಲ್ಲಿ ಒಡೆದು ಕಾರ್ಬಾಕ್ಸಿಲೇಟ್ ಆಗುತ್ತವೆ. ಆಗ ನಾರಿನ ಹೊರಗೆ ಉಳಿದ ಬಣ್ಣ ನೀರಿನಲ್ಲಿ ಕರಗಿ ತೊಳೆದು ಹೋಗುತ್ತದೆ, ನಾರಿನೊಳಗಿನದು ಪಾಲಿಯೆಸ್ಟರಿನ ಮರೆಯಲ್ಲಿ ಹಾಗೇ ಉಳಿಯುತ್ತದೆ. ಅಂದರೆ ಹೈಡ್ರೋಸ್ ಇಲ್ಲದೆ ಕ್ಷಾರವೊಂದರಿಂದಲೇ ಬಟ್ಟೆ ಶುಚಿಯಾಗುತ್ತದೆ. ಪಾಲಿಯೆಸ್ಟರ್-ವಿಸ್ಕೋಸ್ ಮಿಶ್ರ ಬಟ್ಟೆಯಲ್ಲಿ ವಿಸ್ಕೋಸಿನ ಮೇಲೆ ಕೂರುವ ಕಲೆಯನ್ನು ತೆಗೆಯುವುದಕ್ಕೂ ಈ ಗುಣ ನೆರವಾಗುತ್ತದೆ, ಸಮವಸ್ತ್ರದ ಬಟ್ಟೆಗೆ ಇದರ ಮಹತ್ವ ದೊಡ್ಡದು. ಪ್ರಾಜೆಕ್ಟಿಗೆ ಉದ್ದೇಶ ಬೇಕೆಂದರೆ ಇದಕ್ಕಿಂತ ಒಳ್ಳೆಯ ಉದ್ದೇಶ ನಮ್ಮ ಭಾಗಕ್ಕೆ ನನಗೆ ತೋರುತ್ತಿಲ್ಲ.

ಬೆಲೆ ತೆರಬೇಕಾದ ಕಡೆಗಳನ್ನೂ ಹೇಳಬೇಕು. ಥಯೋಫೀನ್ ಬಣ್ಣಗಳ ಬಿಸಿಲಿನ ತಾಳಿಕೆ ಸಾಮಾನ್ಯವಾಗಿ ಬೆಂಜೋಥಯಾಜೋಲಿಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತದೆ, ಆದ್ದರಿಂದ ಪರದೆ ಮತ್ತು ಛತ್ರಿಯ ಬಟ್ಟೆಗೆ ಅವು ಹೊಂದುವುದಿಲ್ಲ, ಸೀರೆ ಮತ್ತು ಉಡುಪಿನ ಬಟ್ಟೆಗೆ ಹೊಂದುತ್ತವೆ. ಕ್ಷಾರಕ್ಕೆ ಒಡೆಯುವ ಗುಣವೇ ಮುದ್ರಣದ ಲೇಪದಲ್ಲಿ ಶತ್ರುವಾಗಬಹುದು. ಲೇಪದ ಪಿಎಚ್ ಐದು-ಆರರ ನಡುವೆ ನಿಲ್ಲದಿದ್ದರೆ ಉಗಿಯಲ್ಲೇ ಬಣ್ಣ ಕೆಡುತ್ತದೆ. ಗೆವಾಲ್ಡ್ ವಿಧಾನದಲ್ಲಿ ಗಂಧಕದ ದುರ್ವಾಸನೆ ಇದ್ದೇ ಇರುತ್ತದೆ, ತೆರೆದ ಕೋಣೆಯಲ್ಲಿ ಮಾಡಿದರೆ ಪಕ್ಕದ ಕೋಣೆಯವರು ಸಹಿಸುವುದಿಲ್ಲ.

ಡಯಜೋ ಇಲ್ಲದ ದಾರಿಗಳು, ಉಳಿದ ಕೆಲವು

ಐಸಿನ ವ್ಯವಸ್ಥೆಯೇ ಇಲ್ಲದವರಿಗೆ ಕೌಮರಿನ್ ಒಂದು ಉತ್ತರ. 4-ಡೈಈಥೈಲ್ ಅಮಿನೋ ಸ್ಯಾಲಿಸಿಲಾಲ್ಡಿಹೈಡನ್ನು ಬೆಂಜಿಮಿಡಜೋಲ್ ಹೊತ್ತ ಸಕ್ರಿಯ ಮೀಥಲೀನ್ ಸಂಯುಕ್ತದೊಂದಿಗೆ ಪೈಪರಿಡಿನ್ ಹಾಕಿ ಕಾಯಿಸಿದರೆ ಕತ್ತಲೆಯ ಪೆಟ್ಟಿಗೆಯಲ್ಲಿ ನೇರಳಾತೀತ ದೀಪದಡಿ ಮಿನುಗುವ ಹಸಿರು-ಹಳದಿ ಬಣ್ಣ ಬರುತ್ತದೆ, ಸಿ.ಐ. ಡಿಸ್ಪರ್ಸ್ ಯೆಲ್ಲೊ 82 ಈ ಬಗೆಯದು. ರಸ್ತೆ ಕೆಲಸಗಾರರ ಜಾಕೆಟ್, ಆಟದ ಉಡುಪುಗಳಿಗೆ ಈ ಹೊಳಪು ಬೇಕು. ಆದರೆ ಆ ಆಲ್ಡಿಹೈಡ್ ದುಬಾರಿ, ಬಣ್ಣ ಬಿಸಿಲಿಗೆ ಬೇಗ ಮಂಕಾಗುತ್ತದೆ. ಬಿಸಿಲಿನಲ್ಲೇ ಧರಿಸಬೇಕಾದ ಬಟ್ಟೆಗೆ ಬಿಸಿಲು ತಾಳದ ಬಣ್ಣವೆಂಬ ಈ ವಿರೋಧವನ್ನು ಕಡಿಮೆ ಮಾಡುವ ಪ್ರಯತ್ನವೇ ಒಂದು ಪ್ರಬಂಧಕ್ಕೆ ಸಾಕಾಗುವಷ್ಟಿದೆ.

ಕ್ವಿನೋಫ್ಥಲೋನ್ ಇದಕ್ಕೆ ವಿರುದ್ಧ ಸ್ವಭಾವದ್ದು. ಕ್ವಿನಾಲ್ಡಿನ್ ವರ್ಗದ ಸಂಯುಕ್ತವನ್ನು ಥ್ಯಾಲಿಕ್ ಅನ್‌ಹೈಡ್ರೈಡಿನೊಂದಿಗೆ ಹೆಚ್ಚಿನ ಬಿಸಿಯಲ್ಲಿ ಬೆಸೆದು ಮಾಡುವ ಈ ಹಳದಿ ಬಿಸಿಲನ್ನು ಚೆನ್ನಾಗಿ ತಾಳುತ್ತದೆ, ಸಿ.ಐ. ಡಿಸ್ಪರ್ಸ್ ಯೆಲ್ಲೊ 54 ವರ್ಗಾವಣೆ ಮುದ್ರಣದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಹೊಸ ಬದಲಾವಣೆಗಳಿಗೆ ಇದರಲ್ಲಿ ಜಾಗ ಕಡಿಮೆ.

ಸಿ.ಐ. ಡಿಸ್ಪರ್ಸ್ ಬ್ಲೂ 148ಕ್ಕೆ ಬೇಕಾದ ಬೆಂಜಿಸೋಥಯಾಜೋಲ್, ಸಿ.ಐ. ಡಿಸ್ಪರ್ಸ್ ರೆಡ್ 356ರ ಬೆಂಜೋಡೈಫ್ಯುರನೋನ್ ಎರಡೂ ಅತ್ಯುತ್ತಮ ಬಣ್ಣಗಳನ್ನು ಕೊಡುತ್ತವೆ, ಆದರೆ ಹಂತಗಳು ಹೆಚ್ಚು, ಅಪಾಯ ಹೆಚ್ಚು. ಅವುಗಳನ್ನು ಓದಿ ತಿಳಿದುಕೊಂಡರೆ ಸಾಕು.

ಬಟ್ಟೆ ಪಾಲಿಯೆಸ್ಟರ್ ಅಲ್ಲದಿದ್ದರೆ ಲೆಕ್ಕ ಬದಲಾಗುತ್ತದೆ. ನೈಲಾನ್ ಈ ಬಣ್ಣಗಳನ್ನು ಸುಮಾರು 102 ಡಿಗ್ರಿಯ ಸಾಧಾರಣ ಉಗಿಯಲ್ಲೇ ಸಮವಾಗಿ ಹೀರಿದರೂ ತೊಳೆದಾಗ ಪಾಲಿಯೆಸ್ಟರಿನಷ್ಟು ಹಿಡಿದಿಡುವುದಿಲ್ಲ. ಅಕ್ರಿಲಿಕ್ಕಿಗೆ ಧನಾವೇಶದ ಬಣ್ಣ ಬೇಕು, ಸಿ.ಐ. ಬೇಸಿಕ್ ಬ್ಲೂ 41 ಮಾಡಲು ಬೆಂಜೋಥಯಾಜೋಲ್ ಅಜೋ ಬಣ್ಣವನ್ನು ಡೈಮೀಥೈಲ್ ಸಲ್ಫೇಟಿನಿಂದ ಮೀಥೈಲೀಕರಿಸುತ್ತಾರೆ. ಡೈಮೀಥೈಲ್ ಸಲ್ಫೇಟ್ ಕ್ಯಾನ್ಸರಿಗೆ ಕಾರಣವಾಗಬಲ್ಲ ತೀವ್ರ ವಿಷ, ವಿದ್ಯಾರ್ಥಿಗಳ ಕೈಗೆ ಅದನ್ನು ಕೊಡಬಾರದು.

ಸಂಶ್ಲೇಷಣೆಯ ಆಚೆ

ಬಹಳ ಪ್ರಬಂಧಗಳು ಬಣ್ಣವನ್ನು ಡೈಮೀಥೈಲ್ ಫಾರ್ಮಮೈಡಿನಲ್ಲಿ ಕರಗಿಸಿ ಲೇಪಕ್ಕೆ ಸುರಿದು, ಮುದ್ರಿಸಿದೆವು ಎಂದು ಬರೆಯುತ್ತವೆ. ಯಾವ ಮುದ್ರಕನೂ ಹಾಗೆ ಮಾಡುವುದಿಲ್ಲ. ಬಣ್ಣವನ್ನು ಲಿಗ್ನೋಸಲ್ಫೋನೇಟಿನಂಥ ಚದುರಿಸುವ ವಸ್ತುವಿನ ಜೊತೆ ನೀರಿನಲ್ಲಿ, ಕಣಗಳು ಒಂದು ಮೈಕ್ರಾನಿನ ಒಳಗೆ ಬರುವವರೆಗೆ, ಗಾಜಿನ ಗುಂಡುಗಳೊಂದಿಗೆ ಅರೆಯಬೇಕು. ಅರೆಯದ ಬಣ್ಣ ಬಟ್ಟೆಯ ಮೇಲೆ ಚುಕ್ಕೆಚುಕ್ಕೆಯಾಗಿ ಕೂರುತ್ತದೆ, ಆಗ ತಪ್ಪು ಉಂಗುರದ್ದೋ ಅರೆತದ್ದೋ ಎಂದು ತಿಳಿಯುವುದಿಲ್ಲ. ಒಂದು ಸಣ್ಣ ಬಾಲ್ ಮಿಲ್ ಇಲ್ಲದಿದ್ದರೆ ಹೋಲಿಕೆಯೇ ನ್ಯಾಯವಾಗದು.

ಲೇಪದಲ್ಲಿ ಗಟ್ಟಿತನಕ್ಕೆ ಸೋಡಿಯಂ ಆಲ್ಜಿನೇಟ್ ಅಥವಾ ಗೋರಿಕಾಯಿ ಬೀಜದ ಗ್ವಾರ್ ಗೋಂದು, ಪಿಎಚ್ ಹಿಡಿಯಲು ಸಿಟ್ರಿಕ್ ಆಮ್ಲ, ಉಗಿಯಲ್ಲಿ ಅಜೋ ಬಂಧ ಕ್ಷಯಿಸದಂತೆ ಮೆಟಾ-ನೈಟ್ರೋಬೆಂಜೀನ್ ಸಲ್ಫೋನೇಟ್ ಸೇರಿಸುತ್ತಾರೆ. ನಮ್ಮ ಕರಿಕಲ್ಲಿನ ನೆಲದ ಕೊಳವೆಬಾವಿಯ ಗಡಸು ನೀರಿನಲ್ಲಿ ಆಲ್ಜಿನೇಟ್ ಕ್ಯಾಲ್ಸಿಯಂ ಹಿಡಿದು ಮೊಸರಿನಂತೆ ಒಡೆಯುತ್ತದೆ. ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕಿ, ಇಲ್ಲವೇ ಭಟ್ಟಿಯಿಳಿಸಿದ ನೀರು ಬಳಸಿ. ಪರೀಕ್ಷೆಗೆ ಬಿಸಿಲಿಗೆ ಐಎಸ್‌ಒ 105-ಬಿ02, ತೊಳೆತಕ್ಕೆ ಸಿ06, ಉಜ್ಜುವಿಕೆಗೆ ಎಕ್ಸ್12, ಒಣಬಿಸಿಗೆ ಪಿ01 ಎಂಬ ಮಾನದಂಡಗಳನ್ನೇ ಅನುಸರಿಸಿ. ಇಚಲಕರಂಜಿಯ ಡಿ.ಕೆ.ಟಿ.ಇ. ಜವಳಿ ಸಂಸ್ಥೆಯಂಥ ಕಡೆ, ಅಥವಾ ಮುಂಬಯಿಯ ಸಸ್ಮಿರಾದಂಥ ಸಂಶೋಧನಾ ಸಂಸ್ಥೆಯಲ್ಲಿ, ಪರೀಕ್ಷೆಯ ಬಗ್ಗೆ ವಿಚಾರಿಸಿ ಅದರ ಶುಲ್ಕವನ್ನು ಮೊದಲೇ ಖರ್ಚಿನ ಪಟ್ಟಿಯಲ್ಲಿ ಸೇರಿಸಿಕೊಳ್ಳಿ.

ಯಾರಿಗೆ ಯಾವುದು

ಒಂದೇ ಸೆಮಿಸ್ಟರ್, ಸಣ್ಣ ಅನುದಾನ, ಫ್ಯೂಮ್ ಹುಡ್ ಇಲ್ಲದ ಕಾಲೇಜು ನಿಮ್ಮದಾದರೆ ಪಿರಿಡೋನ್ ಹಿಡಿಯಿರಿ. ಸಾರಜನಕದ ಮೇಲಿನ ಗುಂಪನ್ನು ಬದಲಿಸುತ್ತ ಹೋಗಿ, ವರ್ಗಾವಣೆ ಮುದ್ರಣಕ್ಕೆ ಒಗ್ಗುವುದು ಯಾವುದು, ಒಣಬಿಸಿಗೆ ಒಗ್ಗುವುದು ಯಾವುದು ಎಂದು ಹೋಲಿಸಿ. ಟೀಶರ್ಟು, ಬಟ್ಟಲಿನ ಮೇಲೆ ಚಿತ್ರ ಒತ್ತಿಕೊಡುವ ಅಂಗಡಿಯ ಬಿಸಿ ಒತ್ತಿನ ಯಂತ್ರ ಈಗ ತಾಲೂಕು ಕೇಂದ್ರಗಳಲ್ಲೂ ಇದೆ. ನೂರಾರು ರೂಪಾಯಿಯಲ್ಲಿ ನಿಮ್ಮ ಮುದ್ರಣ ಪ್ರಯೋಗ ಅಲ್ಲಿ ಮುಗಿಯುತ್ತದೆ.

ಪಿಎಚ್.ಡಿ.ಗೆ ಮೂರು ವರ್ಷ ಕೈಯಲ್ಲಿದ್ದು, ಆಮ್ಲ ಮತ್ತು ಐಸಿನ ವ್ಯವಸ್ಥೆ ಗಟ್ಟಿಯಿದ್ದರೆ ಎಸ್ಟರ್ ಹೊತ್ತ ಥಯೋಫೀನನ್ನು ಆರಿಸಿ, ಹೈಡ್ರೋಸ್ ಇಲ್ಲದ ತೊಳೆತವನ್ನೇ ಮುಖ್ಯ ಪ್ರಶ್ನೆಯಾಗಿಡಿ. ಹೋಲಿಕೆಗೆ ಒಂದು ಬೆಂಜೋಥಯಾಜೋಲ್ ಬಣ್ಣವನ್ನು ಜೊತೆಯಲ್ಲಿ ತಯಾರಿಸಿ. ಸ್ಟೆಂಟರ್ ಇರುವ ಪ್ರೊಸೆಸ್ ಹೌಸಿಗೆ ಬಣ್ಣ ಮಾರಬೇಕೆಂದಿರುವ ಉದ್ಯಮಿಗೆ, ವಾಪಿ ಮತ್ತು ಅಂಕಲೇಶ್ವರದ ಕಡೆಯಿಂದ ಅಮೈನನ್ನು ಸಿದ್ಧವಾಗಿ ತರಿಸಿ ಬೆಂಜೋಥಯಾಜೋಲ್ ಕೆಂಪಿನಿಂದ ಆರಂಭಿಸುವುದು ಸುರಕ್ಷಿತ, ಅದರ ಗಿರಾಕಿಗಳು ಆಗಲೇ ಇದ್ದಾರೆ. ಹೊಳೆಯುವ ಬಣ್ಣದ ಸಣ್ಣ ಮಾರುಕಟ್ಟೆ ಗೊತ್ತಿರುವವರು ಮಾತ್ರ ಕೌಮರಿನ್ನಿಗೆ ಹಣ ಹಾಕಲಿ.

ಡಯಜೋ ಮಾಡುವ ಕೆಲಸವನ್ನೆಲ್ಲ ನವೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸುವಂತೆ ವೇಳಾಪಟ್ಟಿ ಹಾಕಿಕೊಳ್ಳಿ. ಬಿಸಿಲಿನ ತಾಳಿಕೆ, ತೊಳೆತ, ಉಜ್ಜುವಿಕೆಯ ಪರೀಕ್ಷೆಗಳನ್ನು ಬೇಸಿಗೆಗೆ ಬಿಡಿ. ಮೊದಲ ಬಾಟಲಿ ತರಿಸುವ ಮುನ್ನ ನಿಮ್ಮೂರಿಗೆ ಹತ್ತಿರದ ಮುದ್ರಣ ಘಟಕಕ್ಕೆ ಹೋಗಿ, ಅವರ ಸ್ಟೀಮರ್ ಯಾವ ಉಷ್ಣತೆಯಲ್ಲಿ ಓಡುತ್ತದೆ, ಒಂದು ಕಿಲೋ ಬಟ್ಟೆ ತೊಳೆಯಲು ಎಷ್ಟು ಲೀಟರ್ ನೀರು ಸುರಿಯುತ್ತಾರೆ ಎಂಬ ಎರಡು ಅಂಕಿಗಳನ್ನು ಬರೆದುಕೊಂಡು ಬನ್ನಿ.